ಈಚೆ ದಡ

ದಂಡೆ ಇಳಿಯುವಾಗ ಶಾಂಭವಿಯ ಚಪ್ಪಲಿ ಜಾರಿತು. ಬಿದ್ದದ್ದೇನೂ ದೊಡ್ಡದಲ್ಲ, ಒಂದು ಮೊಣಕಾಲು, ಒಂದು ಅಂಗೈ, ಕೆಸರಾದದ್ದು ಅಷ್ಟೇ. ಆದರೆ ಕೆಳಗೆ ಕಲ್ಲುಗಳ ಮುಂದೆ ಬಗ್ಗಿ ಬಟ್ಟೆ ಒಗೆಯುತ್ತಿದ್ದ ನಾಲ್ಕೈದು ಹೆಂಗಸರು ಒಟ್ಟಿಗೆ ತಲೆಯೆತ್ತಿದರು, ಒಬ್ಬಳು ನಕ್ಕಳು, ಆಮೇಲೆ ಎಲ್ಲರೂ ನಕ್ಕರು. ಆ ನಗುವಿನಲ್ಲಿ ಕೆಟ್ಟದ್ದೇನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿ ಬಿಸಿಯಾಯಿತು. ಇಪ್ಪತ್ತಮೂರು ವರ್ಷದವಳು, ಮೈಸೂರಿನಲ್ಲಿ ಆರ್ಕಿಟೆಕ್ಚರ್ ಕೊನೆಯ ವರ್ಷ ಓದುತ್ತಿರುವವಳು, ಈ ಪೇಟೆಯ ಹೊಳೆದಂಡೆಯ ಮೇಲೆ ಐದು ತಿಂಗಳಿಂದ ಪ್ರಾಜೆಕ್ಟ್ ಮಾಡುತ್ತಿರುವವಳು, ಆ ದಂಡೆಗೆ ಕಾಲಿಟ್ಟ ಮೊದಲ ಗಳಿಗೆಯಲ್ಲೇ ಜಾರಿ ಬಿದ್ದಿದ್ದಳು. ಮೊದಲ ಗಳಿಗೆ ಎಂಬುದೇ ಅವಳಿಗೆ ಹೆಚ್ಚು ನಾಚಿಕೆಯ ವಿಷಯವಾಗಿತ್ತು. ಬಿದ್ದದ್ದನ್ನು ಎಲ್ಲರೂ ನೋಡಿದರು, ಇದನ್ನು ಅವಳೊಬ್ಬಳೇ ಬಲ್ಲಳು.

"ಬುಡವ್ವ, ಅಲ್ಲಿ ಎಲ್ರೂ ಬೀಳದೇಯ. ನಾನೂ ಬಿದ್ದಿವ್ನಿ," ಎನ್ನುತ್ತ ಐವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿಕೊಂಡವಳು ಮೇಲೆ ಬಂದು ಕೈ ಕೊಟ್ಟಳು. "ಯಾರು ನೀನು? ಸರ್ವೆಯೋರಾ?"

"ಇಲ್ಲ ಅಕ್ಕ, ಕಾಲೇಜು. ಹೊಳೆ ಬಗ್ಗೆ ಓದ್ತಾ ಇದ್ದೀನಿ."

"ಹೊಳೆ ಬಗ್ಗೆ ಓದದು ಏನದೆ?" ಎಂದು ಆಕೆ ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿಂದ ಕೇಳಿದಳು. ಆಕೆ ಮುತ್ತಮ್ಮ. ನಕ್ಕವರಲ್ಲಿ ಮೊದಲು ನಕ್ಕವಳು ಪಕ್ಕದ ಮನೆಯ ಕೆಂಚಿ. ಒಟ್ಟು ಐದು ಮಡಿವಾಳರ ಮನೆಗಳು, ಮೂರು ತಲೆಮಾರಿನ ಹಿಂದೆ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ನಿಂತವು. ಇಷ್ಟನ್ನು ಮೊದಲ ಹತ್ತು ನಿಮಿಷದಲ್ಲೇ, ಕೇಳದೆಯೇ, ಅವರು ಹೇಳಿಬಿಟ್ಟರು. ಐದು ತಿಂಗಳಲ್ಲಿ ಅವಳ ಹಾಳೆಗಳ ಮೇಲೆ ಇಷ್ಟು ಬಂದಿರಲಿಲ್ಲ.

ಆ ಐದು ತಿಂಗಳೂ ಅವಳು ಈ ದಂಡೆಯನ್ನು ನೋಡಿದ್ದು ಆಚೆ ದಡದಿಂದ. ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಅಲ್ಲಿ ಬಸ್ಸಿಳಿದು, ಮರದ ನೆರಳಿನಲ್ಲಿ ನಿಂತು, ಕ್ಯಾಮೆರಾದಲ್ಲಿ ಎದುರಿನ ದಂಡೆಯನ್ನು ಉದ್ದಕ್ಕೂ ತುಂಡುತುಂಡಾಗಿ ಹಿಡಿದು, ಅದೇ ಬಸ್ಸಿನಲ್ಲಿ ವಾಪಸ್ಸು ಹೋಗಿದ್ದಳು. ಸೇತುವೆ ದಾಟಿ ಈಚೆಗೆ ಬರಲು ಹತ್ತು ನಿಮಿಷ ಸಾಕಿತ್ತು. ಬಿಸಿಲಿತ್ತು, ಹಸಿವಾಗಿತ್ತು, ಕೆಳಗಿನ ಹೆಂಗಸರು ಏನೆಂದುಕೊಳ್ಳುತ್ತಾರೋ ಎಂಬ ಅಳುಕಿತ್ತು. ಯಾವ ಕಾರಣವೂ ಪೂರ್ತಿ ಕಾರಣವಾಗಿರಲಿಲ್ಲ. ಫೋಟೋಗಳನ್ನು ಜೋಡಿಸಿದಾಗ ಅವು ಬಹಳ ಚೆನ್ನಾಗಿ ಕಂಡವು. ನವೆಂಬರಿನಲ್ಲಿ ನಡುವಿನ ಜ್ಯೂರಿ, ಅಂದರೆ ಮೇಷ್ಟರುಗಳ ಮುಂದೆ ಹಾಳೆಗಳನ್ನಿಟ್ಟು ವಿವರಿಸುವ ಪರೀಕ್ಷೆ. 'ಸುಸ್ಥಿರ ನದಿದಂಡೆ ಅಭಿವೃದ್ಧಿ' ಎಂದು ಮೇಲೆ ಬರೆದು, ಕೆಳಗೆ ಉದ್ದನೆಯ ಕಾಲುದಾರಿ, ಮೆಟ್ಟಿಲುಗಳು, ಬೆಂಚು, ಹೊಂಗೆ ಮರಗಳ ಸಾಲು ಬಿಡಿಸಿ, ಬಟ್ಟೆ ಒಗೆಯುವ ಜಾಗದ ಮೇಲೆ ಒಂದು ಕೆಂಪು ವೃತ್ತ ಎಳೆದಿದ್ದಳು. ಆ ಜಾಗ ಯಾಕೆ ತೆರವಾಗಬೇಕೆಂದು ಅದರ ಪಕ್ಕ ಎರಡು ಸಾಲು ಬರೆದಿದ್ದಳು. ಗೈಡ್ ಅನುಪಮಾ ಮೇಡಂ ಹಾಳೆಗೆ ಮುಖ ಹತ್ತಿರ ತಂದು, "ಎಲ್ಲಾ ಫೋಟೋನೂ ದೂರದಿಂದ್ಲೇ ತೆಗ್ದಿದ್ದೀಯಲ್ಲ. ಈ ಕಡೆ ದಡಕ್ಕೆ ಹೋಗಿದ್ದೀಯಾ?" ಎಂದು ಕೇಳಿದ್ದರು. "ಹೋಗಿದ್ದೆ ಮೇಡಂ," ಎಂದಿದ್ದಳು. ಎಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು! ಪಕ್ಕದಲ್ಲಿ ಅತಿಥಿಯಾಗಿ ಕೂತಿದ್ದವರು ಈ ಪೇಟೆಯ ಪುರಸಭೆ ಕಚೇರಿಯ ಎಂಜಿನಿಯರ್ ಚೇತನ್‌ಕುಮಾರ್. ಅವರು ಬಿಡುವಿನಲ್ಲಿ ಅವಳನ್ನು ಕರೆದು, "ಒಳ್ಳೇ ಕೆಲಸ ಕಣಮ್ಮ, ನಮಗೊಂದು ಕಾಪಿ ಕೊಡು," ಎಂದಾಗ ಅವಳು ಅಲ್ಲೇ ಒಂದು ಪ್ರತಿ ಕೊಟ್ಟಿದ್ದಳು. ಶನಿವಾರಸಂತೆಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಅಪ್ಪ ಮರುಳಸಿದ್ದಪ್ಪನಿಗೆ ಅಂದೇ ಫೋನು ಮಾಡಿದ್ದಳು. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅವರು ಹೇಳಿಕೊಂಡರಂತೆ. ಹೊಗಳಿಕೆ ಮೈಗೆ ಹತ್ತಿತ್ತು. ಸುಳ್ಳು ಅದರ ಅಡಿಯಲ್ಲಿ ಚಪ್ಪಲಿಯೊಳಗಿನ ಹರಳಿನಂತೆ ಉಳಿದಿತ್ತು. ಫೆಬ್ರವರಿಯಲ್ಲಿ ಅದು ತಡೆಯಲಾರದಷ್ಟಾದಾಗ ಅವಳು ಚಿಕ್ಕಮ್ಮ ವಿಮಲಮ್ಮನ ಮನೆಗೆ ಬಟ್ಟೆಬರೆ ತಂದು ಇಳಿದಳು. ಚಿಕ್ಕಮ್ಮನ ಮನೆ ಇದೇ ಪೇಟೆಯಲ್ಲಿ, ಹೊಳೆಯಿಂದ ಕಾಲು ಗಂಟೆಯ ದಾರಿ.

ಮರುದಿನ ಅವಳು ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದಳು. ಅದರ ಮರುದಿನ ಬರಿಗಾಲಿನಲ್ಲಿ ಇಳಿದಳು. ಅಳತೆ ತೆಗೆಯಬೇಕಾದದ್ದು ಬಹಳವಿತ್ತು, ಆದರೆ ಅಳತೆ ಪಟ್ಟಿ ಚೀಲದಲ್ಲೇ ಇರುತ್ತಿತ್ತು. ಅವಳು ಮುತ್ತಮ್ಮನ ಕೆಲಸವನ್ನು ನೋಡುತ್ತ ಕೂತುಬಿಡುತ್ತಿದ್ದಳು. ಹೋಮ್‌ಸ್ಟೇಗಳ ಬೆಡ್‌ಶೀಟು, ದಿಂಬಿನ ಚೀಲ, ಟವೆಲ್ಲುಗಳನ್ನು ಗಂಡ ಸಣ್ಣಸ್ವಾಮಿ ಮೊಪೆಡ್ಡಿನ ಮೇಲೆ ತಾನೇ ಕಾಣದಷ್ಟು ಎತ್ತರಕ್ಕೆ ಕಟ್ಟಿಕೊಂಡು ತರುತ್ತಿದ್ದ. ಮುತ್ತಮ್ಮ ಗಂಟು ಬಿಚ್ಚಿ ಒಂದೊಂದನ್ನೇ ಬೆಳಕಿಗೆ ಹಿಡಿದು ಓದುವವಳಂತೆ ನೋಡುತ್ತಿದ್ದಳು. "ಇದು ಕಾಫಿ. ಇದು ಮದರಂಗಿ, ಹೊಸ್ದಾಗಿ ಮದುವೆ ಆದೋರು ಬಂದವ್ರೆ. ಇದು ಜಿಗಣೆ ಕಚ್ಚಿದ ರಕ್ತ, ಬೆಟ್ಟ ಹತ್ತಕ್ಕೆ ಹೋಗಿದ್ರು, ಇದಕ್ಕೆ ಬಿಸಿನೀರು ಸೋಕಿಸ್ಬಾರ್ದು." ಒಂದೊಂದು ಕಲೆಗೂ ಒಂದೊಂದು ಬುಟ್ಟಿ. ಆಮೇಲೆ ದಂಡೆಯ ಮೇಲ್ಭಾಗದಲ್ಲಿ, ಬಟ್ಟೆಗಳನ್ನು ಸೋಡಾದ ಹಬೆಯಲ್ಲಿ ಬೇಯಿಸುವ ದೊಡ್ಡ ಹಂಡೆ. ಅವರು ಅದನ್ನು ಉಬ್ಬೆ ಎನ್ನುತ್ತಿದ್ದರು. ಉಬ್ಬೆಯ ಬಾಯಿಂದ ಹೊರಡುವ ಹಬೆಯ ವಾಸನೆ ನೋಡಿಯೇ ಆಕೆ, "ಆಯ್ತು, ಇಳಿಸ್ರಿ," ಎನ್ನುವಳು. ಶಾಂಭವಿ ಗಡಿಯಾರ ಹಿಡಿದು ಒಂದು ವಾರ ಪರೀಕ್ಷಿಸಿದಳು. ಎರಡು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸ ಯಾವತ್ತೂ ಬರಲಿಲ್ಲ. ಕಲ್ಲಿಗೆ ಬಡಿಯುವಾಗ ಆಕೆಯ ತೋಳು ಏಳುವುದು, ಬಟ್ಟೆ ಗಾಳಿಯಲ್ಲಿ ಒಂದು ಕ್ಷಣ ನಿಲ್ಲುವುದು, ಬೀಳುವುದು, ಆ ಸದ್ದಿನ ಜೊತೆಗೇ ಆಕೆ ಉಸಿರು ಬಿಡುವುದು. ಒಂದು ಸೆಳೆತವೂ ದಂಡವಾಗುತ್ತಿರಲಿಲ್ಲ. ಕಾಲೇಜಿನಲ್ಲಿ ದೊಡ್ಡ ದೊಡ್ಡ ಕಟ್ಟಡಗಳ ಚಿತ್ರ ತೋರಿಸಿ ಮೇಷ್ಟರುಗಳು ಹೇಳುತ್ತಿದ್ದ 'ಮಿತವ್ಯಯ' ಎಂಬ ಪದ ಅವಳಿಗೆ ಇಲ್ಲಿ ಅರ್ಥವಾದ ಹಾಗಾಗಿ, ಅರ್ಥವಾಗಲು ಇಷ್ಟು ವರ್ಷ ಬೇಕಾಯಿತಲ್ಲ ಎಂದು ಪೆಚ್ಚೂ ಆಯಿತು.

ಆದರೆ ಅವಳನ್ನು ನಿಜವಾಗಿ ಕಂಗೆಡಿಸಿದ್ದು ಉಬ್ಬೆಯ ಹಿಂದಿನ ಗುಂಡಿ. ಐದನೆಯ ದಿನವೋ ಆರನೆಯ ದಿನವೋ, ಸೋಡಾ ಮತ್ತು ಸೋಪಿನ ನೀರನ್ನೆಲ್ಲ ಕೆಂಚಿ ಹೊಳೆಗೆ ಚೆಲ್ಲದೆ ಒಂದು ಸಣ್ಣ ಕಾಲುವೆಗೆ ಬಿಡುವುದನ್ನು ಅವಳು ನೋಡಿದಳು. ಕಾಲುವೆಯ ಜಾಡು ಹಿಡಿದು ಹೋದಳು. ಅದು ಕಲ್ಲು ಕಟ್ಟಿದ ಒಂದು ತೊಟ್ಟಿಗೆ ಇಳಿಯುತ್ತಿತ್ತು, ಅಲ್ಲಿಂದ ಜೊಂಡು ಬೆಳೆದ ಹೊಂಡಕ್ಕೆ, ಅಲ್ಲಿಂದ ಎದೆಯೆತ್ತರದ ಕೆಸುವಿನ ಪಾತಿಗೆ, ಅಲ್ಲಿಂದ ಬಾಳೆಗಳ ಬುಡಕ್ಕೆ. ಬಾಳೆಯ ಆಚೆ ಮಣ್ಣು ಬರಿದೇ ಒದ್ದೆಯಾಗಿತ್ತು. ಹೊಳೆಗೆ ಹೋಗುತ್ತಿದ್ದುದು ಕೊನೆಯಲ್ಲಿ ಬಟ್ಟೆ ಅಲುಬಿದ ನೀರು ಮಾತ್ರ. ಶಾಂಭವಿ ಆ ಕೆಸುವಿನ ಎಲೆಗಳ ನಡುವೆ ಕುಕ್ಕುರುಗಾಲಿನಲ್ಲಿ ಕೂತಳು. ಸೆಮಿಸ್ಟರೊಂದರ ಪೂರ್ತಿ ಅವಳು ಓದಿದ್ದ, ಹೊರದೇಶದ ಊರುಗಳ ಉದಾಹರಣೆ ಕೊಟ್ಟು ಸೆಮಿನಾರು ಮಾಡಿ ಚಪ್ಪಾಳೆ ಗಿಟ್ಟಿಸಿದ್ದ, ಗಿಡಗಳ ಬೇರಿನಿಂದ ಕೊಳೆನೀರು ಸೋಸುವ ವಿದ್ಯೆ ಇದು. ಕೆಂಪು ವೃತ್ತ ಎಳೆದದ್ದು ಸರಿಯಾಗಿ ಇದರ ನೆತ್ತಿಯ ಮೇಲೆ.

"ಇದನ್ನ ಯಾರು ಹೇಳಿಕೊಟ್ರು ಅಕ್ಕ?"

"ಯಾರು ಹೇಳ್ಕೊಡ್ತಾರೆ?" ಮುತ್ತಮ್ಮ ನೀಲಿ ಕದಡುತ್ತಿದ್ದಳು. "ನನ್ನ ತವರು ಶಿರಂಗಾಲ. ಇದೇ ಹೊಳೆ ಕೆಳಗೆ. ಒಂದ್ಸಲ ಹೋಗಿದ್ದೆ, ನಮ್ಮವ್ವ ಹೊಳೆಯಿಂದ ತಂದ ನೀರ ಲೋಟಕ್ಕೆ ಬಗ್ಗಿಸಿ ಕೊಟ್ಲು. ಬಾಯಿಗೆ ಇಟ್ಕತೀನಿ, ಮ್ಯಾಲೆ ನಾನು ಒಗ್ದಿದ್ದೆಲ್ಲ ನೆಪ್ಪಾಗೋಯ್ತು. ಕುಡಿಯಕ್ಕಾಗ್ಲಿಲ್ಲ ಕಣವ್ವ. ಅವ್ವ ಕೇಳ್ತಾಳೆ, ಯಾಕೆ ಮಗಾ ಅಂತ. ಏನಂತ ಹೇಳ್ಲಿ? ಬಂದೋಳೆ ನಮ್ ಯಜಮಾನ್ರ ಕೈಲಿ ಗುಂಡಿ ತೋಡಿಸ್ದೆ. ಮೊದ್ಲು ಬರೀ ಗುಂಡಿ, ನಾತ ಬತ್ತಿತ್ತು. ಕೆಸ ತಾನೇ ಹುಟ್ಕತ್ತು, ನಾತ ಕಮ್ಮಿ ಆಯ್ತು. ಆಮ್ಯಾಕೆ ಜೊಂಡು ತಂದು ನೆಟ್ಟೊ. ದೊಡ್ಡ ನೆರೆ ಬಂದಾಗ ಎಲ್ಲಾ ಹೋಯ್ತು, ತಿರುಗಾ ಮಾಡ್ದೊ." ನೀಲಿ ಹದಕ್ಕೆ ಬಂದಿತ್ತು; ಆಕೆ ಕೈಯೆತ್ತಿ ಬೆರಳ ತುದಿಯ ಹನಿಯ ಬಣ್ಣ ನೋಡಿ ತಲೆಯಾಡಿಸಿದಳು. "ನೀನು ಓದಿರೋಳು. ಸರಿಯಾಗದಾ ಹೇಳು."

"ಸರಿಯಾಗಿದೆ ಅಕ್ಕ," ಎಂದಳು ಶಾಂಭವಿ. ಆ ಕೆಂಪು ವೃತ್ತದ ವಿಷಯ ಹೇಳುವುದಾದರೆ ಆಗಲೇ ಹೇಳಬಹುದಿತ್ತು. ಇನ್ನೊಂದು ಹಾಳೆ ಬರೆದು, ವೃತ್ತವನ್ನು ಅಳಿಸಿ, ಗುಂಡಿಯನ್ನು ಚೆನ್ನಾಗಿ ಬಿಡಿಸಿ ಕೊನೆಯ ಜ್ಯೂರಿಗೆ ಇಟ್ಟರಾಯಿತು, ಇವರಿಗೆ ತಿಳಿಯುವ ಅಗತ್ಯವಾದರೂ ಏನು ಎಂದು ಅವಳು ತನಗೇ ಹೇಳಿಕೊಂಡಳು. ಅಂದು ಅವಳು ಅಳತೆ ಪಟ್ಟಿ ತೆಗೆದು ಗುಂಡಿ, ಹೊಂಡ, ಪಾತಿ ಎಲ್ಲವನ್ನೂ ಅಳೆದು ಬರೆದುಕೊಂಡಳು. ಜೊಂಡಿನ ಬೇರು ಎಷ್ಟು ಆಳಕ್ಕಿದೆ ಎಂದು ಮುತ್ತಮ್ಮನೇ ಕೈಯಿಳಿಸಿ ತೋರಿಸಿದಳು. ಸಂತೋಷವೇ ಆಗಿತ್ತು, ಅದೂ ನಿಜ. ಮನೆಗೆ ಹೋಗುವ ದಾರಿಯಲ್ಲಿ ಅವಳು ಹಾಡು ಗುನುಗುತ್ತಿದ್ದಳು.

ನೋಟೀಸು ಬಂದದ್ದು ಮಾರ್ಚಿ ಎರಡನೆಯ ವಾರ. ಶಾಂಭವಿ ಕೆಂಚಿಯ ಜೊತೆ ಹುಲ್ಲಿನ ಮೇಲೆ ಹರಡಿದ್ದ ಶೀಟುಗಳನ್ನು ಮಗುಚಿ ಹಾಕುತ್ತಿದ್ದಳು. ಸಣ್ಣಸ್ವಾಮಿ ಮೊಪೆಡ್ಡನ್ನು ಮೇಲೆಯೇ ನಿಲ್ಲಿಸಿ, ಗಂಟನ್ನೂ ಇಳಿಸದೆ, ಒಂದು ಉದ್ದನೆಯ ಕಾಗದ ಹಿಡಿದುಕೊಂಡು ಬಂದ. "ಐದು ಮನೆಗೂ ಕೊಟ್ಟವ್ರೆ. ಸೈನು ಹಾಕಿಸ್ಕಂಡು ಹೋದ್ರು." ಮುತ್ತಮ್ಮ ಕೈಯನ್ನು ಸೆರಗಿಗೆ ಎರಡು ಸಲ ಒರೆಸಿ ಕಾಗದ ತೆಗೆದುಕೊಂಡು, ಅದನ್ನು ನೋಡದೆಯೇ ಶಾಂಭವಿಗೆ ಕೊಟ್ಟಳು. "ಓದವ್ವ. ನಮ್ಮನೇಲೇ ಓದಿರೋಳು ಅವ್ಳೆ ಈಗ."

ನಮ್ಮನೇಲೇ. ಆ ಮಾತು ಕಿವಿಗೆ ಬಿದ್ದು ಇಳಿಯುವ ಮೊದಲೇ ಅವಳು ಓದತೊಡಗಿದ್ದಳು. ನದಿದಂಡೆಯ ಸೌಂದರ್ಯೀಕರಣ ಯೋಜನೆ. ಹದಿನೈದು ದಿನದೊಳಗೆ ಆಕ್ಷೇಪಣೆ ಇದ್ದಲ್ಲಿ ಹಾಜರಾಗಿ ಹೇಳತಕ್ಕದ್ದು. ತಪ್ಪಿದಲ್ಲಿ ಒಗೆಯುವ ಕಲ್ಲುಗಳನ್ನೂ ಹಂಡೆಯ ಕಟ್ಟೆಯನ್ನೂ ತೆರವುಗೊಳಿಸಲಾಗುವುದು. ಕಣ್ಣು ಮುಂದಿನ ಸಾಲಿಗೆ ಹೋಯಿತು. 'ಸದರಿ ಸ್ಥಳವು ನದಿ ಮಾಲಿನ್ಯದ ಪ್ರಮುಖ ಮೂಲವಾಗಿದ್ದು, ಯಾವುದೇ ವ್ಯವಸ್ಥಿತ ಬಳಕೆಯಿಲ್ಲದ ದಂಡೆಯಾಗಿರುತ್ತದೆಂದು ವಾಸ್ತುಶಿಲ್ಪ ಅಧ್ಯಯನವೊಂದರಿಂದ ತಿಳಿದುಬಂದಿರುತ್ತದೆ.' ಅವಳದೇ ಎರಡು ಸಾಲು. ಬಾಲಕ್ಕೊಂದು 'ಆಗಿರುತ್ತದೆ' ಸೇರಿಕೊಂಡು ಇನ್ನೂ ಗಟ್ಟಿಯಾಗಿದ್ದವು. ನವೆಂಬರಿನ ಆ ಸಂಜೆ ಹಾಸ್ಟೆಲ್ಲಿನಲ್ಲಿ 'ವ್ಯವಸ್ಥಿತ' ಎಂಬ ಪದ ಹುಡುಕಲು ಎಷ್ಟು ಹೊತ್ತು ಹಿಡಿದಿತ್ತು, ಸಿಕ್ಕಾಗ ಎಷ್ಟು ಖುಷಿಯಾಗಿತ್ತು ಎಂಬುದು ನೆನಪಾಯಿತು. ಅವಳ ದನಿ ಆ ಸಾಲನ್ನು ಹಾರಿ ಮುಂದಿನದಕ್ಕೆ ಹೋಯಿತು. ಹಾರಿದ್ದು ತಾನಲ್ಲ, ದನಿ, ಎಂಬಂತೆ.

"ಅಷ್ಟೇನಾ?" ಮುತ್ತಮ್ಮ ಕಾಗದವನ್ನೇ ನೋಡುತ್ತಿದ್ದಳು. "ಅಕ್ಸರ ಬಾಳ ಅವೆ."

"ಅಷ್ಟೇ ಅಕ್ಕ. ಉಳಿದಿದ್ದೆಲ್ಲ ಸೆಕ್ಷನ್ನು ಗಿಕ್ಷನ್ನು."

ಅಂದು ಮಧ್ಯಾಹ್ನ ಚಿಕ್ಕಮ್ಮ ಬಡಿಸಿದ ಅಕ್ಕಿರೊಟ್ಟಿ ತಟ್ಟೆಯಲ್ಲೇ ಆರಿತು. "ಬಿಸಿಲಲ್ಲಿ ಹೊಳೆ ಹತ್ರ ಸುತ್ತಿ ಸುತ್ತಿ ಹೀಗಾಗಿರೋದು," ಎಂದು ವಿಮಲಮ್ಮ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಜ್ವರವಾದರೂ ಬಂದಿದ್ದರೆ ಎನಿಸಿತು. ಕೂಡಲೇ ಏನಾದರೂ ಮಾಡಬೇಕು, ಆದರೆ ಮುತ್ತಮ್ಮನ ಮುಖ ನೋಡದೆ ಮಾಡುವಂಥದ್ದೇನಾದರೂ. ಮರುದಿನ ಬೆಳಿಗ್ಗೆ ಅವಳು ಕಾಲೇಜಿನ ಲ್ಯಾಬಿನಿಂದ ತರಿಸಿದ ಬಾಟಲಿಗಳನ್ನು ಹಿಡಿದು ದಂಡೆಯುದ್ದಕ್ಕೂ ನಡೆದಳು. ಪೇಟೆಯ ಚರಂಡಿ ಹೊಳೆಗೆ ಸೇರುವ ಜಾಗಕ್ಕಿಂತ ಮೇಲೆ ಒಂದು ಬಾಟಲಿ, ಚರಂಡಿಗೂ ಒಗೆಯುವ ಕಲ್ಲುಗಳಿಗೂ ನಡುವೆ ಒಂದು, ಕಲ್ಲುಗಳ ಕೆಳಗೆ ಒಂದು. ಒಂದು ವಾರ, ದಿನಕ್ಕೆ ಎರಡು ಸಲ. ದಿನ ಬಿಟ್ಟು ದಿನ ಮೈಸೂರಿನ ಬಸ್ಸು. ಅಂಕಿಗಳು ಬಂದವು: ಚರಂಡಿಯ ಕೆಳಗೆ ನೀರು ಕೆಟ್ಟಿತ್ತು, ಒಗೆಯುವ ಜಾಗ ಅದಕ್ಕೆ ಕೂಡಿಸಿದ್ದು ಒಂದಿಷ್ಟೇ ಇಷ್ಟು. ಅಂಕಿಗಳನ್ನು ನೋಡಿ ಅವಳಿಗೆ ಅಳು ಬರುವಷ್ಟು ಹಗುರವಾಯಿತು. ಇವನ್ನು ಚೇತನ್‌ಕುಮಾರರ ಮೇಜಿನ ಮೇಲಿಟ್ಟರೆ ನೋಟೀಸು ತಾನಾಗಿ ಬಿದ್ದುಹೋಗುತ್ತದೆ. ಯಾರಿಗೂ ಏನನ್ನೂ ಹೇಳಬೇಕಾಗಿಲ್ಲ.

ಅನುಪಮಾ ಮೇಡಂ ಲ್ಯಾಬಿನ ಹೊರಗಿನ ಕಟ್ಟೆಯ ಮೇಲೆ ಕೂತು ಹಾಳೆಗಳನ್ನು ಎರಡು ಸಲ ಓದಿದರು. ನೋಟೀಸಿನ ನಕಲನ್ನೂ ಓದಿದರು. ಅವಳು ಜ್ಯೂರಿಯಲ್ಲಿ ಹೇಳಿದ ಸುಳ್ಳನ್ನೂ ಆಗಲೇ ಒಪ್ಪಿಕೊಂಡಳು. ಅದನ್ನು ಮೇಡಂ ನಿರೀಕ್ಷಿಸಿದ್ದರೇನೋ, ತಲೆಯೆತ್ತಲಿಲ್ಲ.

"ನಂಬರ್ಸ್ ಸರಿ ಇವೆ," ಎಂದರು ಕೊನೆಗೆ. "ಈ ಸಾಲು ನಿಂದು ಅಂತ ಆ ಹೆಂಗಸಿಗೆ ಗೊತ್ತಾ?"

"ಇಲ್ಲ ಮೇಡಂ."

"ಇಂಜಿನಿಯರ್‌ಗೆ ಹೇಳೋಕೆ ಮುಂಚೆ ಆಕೆಗೆ ಹೇಳು. ನಾನು ಬರೋದಿಲ್ಲ. ನಾನು ಬಂದ್ರೆ ನಿನಗೆ ಸುಲಭ ಆಗುತ್ತೆ."

ಮುತ್ತಮ್ಮ ಒಣಗಿದ ದಿಂಬಿನ ಚೀಲಗಳನ್ನು ಮಡಿಸುತ್ತಿದ್ದಳು. ಬೆರಳುಗಳು ಮೂಲೆಗೆ ಮೂಲೆ ಸೇರಿಸಿ ಅಂಗೈ ಒಮ್ಮೆ ಸವರಿದರೆ ಇಸ್ತ್ರಿ ಹಾಕಿದಂತೆ ಕೂರುತ್ತಿತ್ತು ಬಟ್ಟೆ. ಇಂಥ ಕೈಗಳ ಮುಂದೆ ಹೇಗೆ ಹೇಳುವುದು ಎಂದು ಶಾಂಭವಿ ಹತ್ತು ಚೀಲಗಳು ಮಡಿಕೆಯಾಗುವವರೆಗೆ ನಿಂತಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: ಆಚೆ ದಡದಿಂದ ಫೋಟೋ ತೆಗೆದದ್ದು, ಇಲ್ಲಿಗೆ ಬಾರದೆಯೇ ಬರೆದದ್ದು, ಅದು ಕಚೇರಿಗೆ ಹೋದದ್ದು, ನೋಟೀಸಿನಲ್ಲಿ ಇದ್ದ ಆ ಸಾಲು. ಹೇಳುವಾಗ ತನ್ನ ಕನ್ನಡ ಪುಸ್ತಕದ ಕನ್ನಡವಾಗಿಬಿಟ್ಟಿದೆ ಎಂದು ಅವಳಿಗೇ ಕೇಳಿಸುತ್ತಿತ್ತು. ಮುತ್ತಮ್ಮನ ಕೈ ನಿಲ್ಲಲಿಲ್ಲ. ಇನ್ನೂ ಮೂರು ಚೀಲ ಮಡಿಸಿದಳು. ನಾಲ್ಕನೆಯದರ ಮೂಲೆಗಳು ಕೂಡಲಿಲ್ಲ. ಬಿಚ್ಚಿದಳು, ಮತ್ತೆ ಮಡಿಸಿದಳು, ಮತ್ತೆ ಕೂಡಲಿಲ್ಲ. ಅದನ್ನು ಹಾಗೆಯೇ ತೊಡೆಯ ಮೇಲೆ ಬಿಟ್ಟಳು.

"ನೀ ಬರ್ದಿದ್ದು ಸರಿ, ಗೊತ್ತಿರ್ಲಿಲ್ಲ, ಬರ್ದೆ. ಗೊತ್ತಿಲ್ದೆ ಜನ ಏನೇನೋ ಅಂತಾರೆ ನಮ್ಮ." ಆಕೆ ಹೊಳೆಯ ಕಡೆ ನೋಡುತ್ತಿದ್ದಳು. "ಅವತ್ತು ನಿನ್ನ ಕೈಗೆ ಕಾಗದ ಕೊಟ್ನಲ್ಲ. ಯಾಕೆ ಓದ್ಲಿಲ್ಲ?"

ಶಾಂಭವಿ ಕಣ್ಣನ್ನು ಆ ಮಡಿಕೆಯಾಗದ ಚೀಲಕ್ಕೆ ಇಳಿಸಿದಳು.

"ನಂಗೆ ಅಕ್ಸರ ಬರಕಿಲ್ಲ ಅಂತ ತಾನೆ? ಬತ್ತಿದ್ರೆ ಓದ್ತಿದ್ದೆ ನೀನು." ಕೂಗಲಿಲ್ಲ, ದನಿಯೂ ಏರಲಿಲ್ಲ. "ಹೋಗವ್ವ ಇವತ್ತು. ಕೆಲ್ಸ ಅದೆ."

ದಂಡೆ ಹತ್ತುವಾಗ ಅವಳು ಜಾರಲಿಲ್ಲ. ಜಾರಿದ್ದರೆ ಯಾರಾದರೂ ನಗುತ್ತಿದ್ದರು.

ಅಲ್ಲಿಂದ ಆಕ್ಷೇಪಣೆಯ ದಿನದವರೆಗೆ ಅವಳು ಕೆಳಗೆ ಇಳಿಯಲಿಲ್ಲ. ಮೇಲಿನ ರಸ್ತೆಯಲ್ಲಿ ನಿಂತು ಚರಂಡಿಯ ಅಳತೆ ತೆಗೆದಳು, ಅಂಗಡಿಗಳ ಹಿಂಬದಿಯ ಪೈಪುಗಳನ್ನು ಎಣಿಸಿದಳು. ಕೆಳಗಿನಿಂದ ಬಟ್ಟೆಯ ಸದ್ದು ಬರುತ್ತಿತ್ತು. ಐದು ಕಲ್ಲುಗಳಲ್ಲಿ ಮುತ್ತಮ್ಮನದು ಯಾವುದೆಂದು ಕಣ್ಣುಮುಚ್ಚಿ ಹೇಳಬಲ್ಲವಳಾಗಿದ್ದಳು. ಬಡಿತ, ಅದರ ಬೆನ್ನಿಗೆ ಸಣ್ಣದೊಂದು ತಡೆ, ಮತ್ತೆ ಬಡಿತ. ಒಂದು ದಿನ ಆ ಸದ್ದು ಕೇಳಲಿಲ್ಲ. ಹೆದರಿ ಬಗ್ಗಿ ನೋಡಿದರೆ ಆಕೆ ಜೊಂಡಿನ ಹೊಂಡದಲ್ಲಿ ಸೊಂಟಮಟ್ಟ ನಿಂತು ಹಳೆಯ ಬೇರು ಕಿತ್ತು ಹೊಸದಕ್ಕೆ ಜಾಗ ಮಾಡುತ್ತಿದ್ದಳು. ಕಲ್ಲು ಕೀಳುತ್ತೇವೆಂದು ಕಾಗದ ಬಂದಿದೆ. ಆಕೆ ಮುಂದಿನ ವರ್ಷದ ಜೊಂಡು ನೆಡುತ್ತಿದ್ದಾಳೆ. ಇದಕ್ಕೆ ಹಟವೆನ್ನಬೇಕೋ ನಂಬಿಕೆಯೆನ್ನಬೇಕೋ ಶಾಂಭವಿಗೆ ತಿಳಿಯಲಿಲ್ಲ. ಎರಡೂ ಅಲ್ಲವೇನೋ, ಮಾರ್ಚಿಯಲ್ಲಿ ಜೊಂಡು ನೆಡಬೇಕು, ನೆಡುತ್ತಿದ್ದಾಳೆ. ಯಾರಾದರೂ ತನ್ನನ್ನು ನೋಡಿಯಾರೆಂದು ಅವಳು ಹಿಂದೆ ಸರಿದಳು, ಆದರೆ ಹೋಗಲಾರದೆ ಇನ್ನೂ ಅರ್ಧ ಗಂಟೆ ಅಲ್ಲೇ ನಿಂತಳು.

ಕಚೇರಿಯ ಕೋಣೆ ಸಣ್ಣದು. ಐದು ಮನೆಯವರೂ ಗೋಡೆಗೆ ಒತ್ತಿ ನಿಂತಿದ್ದರು; ಕುರ್ಚಿಗಳು ಖಾಲಿಯಿದ್ದವು, ಯಾರೂ ಕೂರೆನ್ನಲಿಲ್ಲ. ಮುತ್ತಮ್ಮ ತಾನೇ ಒಗೆದು ಗಂಜಿ ಹಾಕಿದ ಬಿಳಿ ಅಂಚಿನ ಸೀರೆ ಉಟ್ಟಿದ್ದಳು. ಶಾಂಭವಿಯನ್ನು ನೋಡಿದಳು, ನೋಡಿ ಮುಖ ತಿರುಗಿಸಲೂ ಇಲ್ಲ, ನಗಲೂ ಇಲ್ಲ. ಮೇಜಿನ ಹಿಂದೆ ಚೇತನ್‌ಕುಮಾರ್, ಪಕ್ಕದಲ್ಲಿ ವಾರ್ಡಿನ ಸದಸ್ಯರೊಬ್ಬರು, ಇಬ್ಬರು ಗುಮಾಸ್ತರು. ಶಾಂಭವಿ ಕೈಯೆತ್ತಿದಾಗ ಚೇತನ್‌ಕುಮಾರರ ಮುಖ ಅರಳಿತು. "ಓ, ಬನ್ನಿ ಬನ್ನಿ. ಇವರದ್ದೇ ಸ್ಟಡಿ, ಸಾರ್," ಎಂದು ಸದಸ್ಯರಿಗೆ ಪರಿಚಯಿಸಿದರು. ಗೋಡೆಯ ಕಡೆಯಿಂದ ಕೆಂಚಿ ತನ್ನನ್ನು ನೋಡುತ್ತಿರುವುದು ಅವಳ ಬೆನ್ನಿಗೆ ತಿಳಿಯುತ್ತಿತ್ತು.

"ಸರ್, ಆ ಸ್ಟಡಿ ತಪ್ಪು."

"ತಪ್ಪು ಅಂದ್ರೆ?"

"ಅದನ್ನ ಬರೆಯೋವಾಗ ನಾನು ಆ ಜಾಗಕ್ಕೆ ಹೋಗಿರಲಿಲ್ಲ. ಆಚೆ ದಡದಲ್ಲಿ ನಿಂತು ನೋಡಿ ಬರೆದೆ."

ಒಬ್ಬ ಗುಮಾಸ್ತ ನಕ್ಕ. ಸದಸ್ಯರು, "ಇಷ್ಟು ದಿನ ಕಾಲೇಜಲ್ಲಿ ಏನಮ್ಮ ಕಲಿಸಿದ್ರು, ಹೊಳೆ ದಾಟೋದು ಕಲಿಸಲಿಲ್ವಾ?" ಎಂದರು. ಈಗ ಎಲ್ಲರೂ ನಕ್ಕರು. ಚೇತನ್‌ಕುಮಾರ್ ಮಾತ್ರ ನಗಲಿಲ್ಲ; ಅವರ ಕಿವಿಯೂ ಕೆಂಪಾಗಿತ್ತು. ಆ ಎರಡು ಸಾಲನ್ನು ಪರೀಕ್ಷಿಸದೆ ಬಳಸಿದವರು ಅವರು. ಅವಳು ಅಂಕಿಗಳ ಹಾಳೆಗಳನ್ನು ಮೇಜಿನ ಮೇಲಿಟ್ಟಳು. ಚರಂಡಿಯ ಮೇಲಿನದು, ಕೆಳಗಿನದು, ಕಲ್ಲುಗಳ ಕೆಳಗಿನದು ಎಂದು ಮೂರನ್ನೂ ಓದಿದಳು. ಒಂದು ಸಾಲಿನ ಹತ್ತಿರ ತಡೆದಳು. ಅದನ್ನು ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. "ಒಗೆಯೋ ಜಾಗದಿಂದ್ಲೂ ಸ್ವಲ್ಪ ಸೋಪು ಹೊಳೆಗೆ ಹೋಗ್ತಿದೆ," ಎಂದು ಓದಿದಳು. "ಕೊನೆಯಲ್ಲಿ ಅಲುಬಿದ ನೀರಿಂದು."

ಗೋಡೆಯ ಕಡೆಯಿಂದ ಮುತ್ತಮ್ಮನ ದನಿ ಬಂತು. "ಅದು ಹೌದು ಸ್ವಾಮಿ. ನಂಗೂ ಅನುಮಾನ ಇತ್ತು." ಆಕೆ ಎರಡು ಹೆಜ್ಜೆ ಮುಂದೆ ಬಂದಿದ್ದಳು. "ಅದಕ್ಕೆ ಇನ್ನೊಂದು ತೊಟ್ಟಿ ಬೇಕು. ತೊಟ್ಟೀಲಿ ಒಂದ್ಸಲ ಅಲುಬಿ ಆಮ್ಯಾಕೆ ಹೊಳೆಗೆ ಹಾಕಿದ್ರೆ ಸೋಪು ಇರಾಕಿಲ್ಲ. ಜಾಗ ಅದೆ, ಕಲ್ಲು ನಾವೇ ಇಡ್ತೀವಿ. ನೀವು ಒಂದ್ಸಲ ಬಂದು ನೋಡ್ರಿ. ಕಾಗದದಾಗೆ ಬೇಡ. ಇಳ್ದು ಬಂದು ನೋಡ್ರಿ. ಆ ಚರಂಡಿನೂ ನೋಡ್ರಿ, ನಿಮ್ಮನೆ ನೀರೂ ಅದ್ರಾಗೇ ಬತ್ತದೆ."

ಚೇತನ್‌ಕುಮಾರ್ ಕಡತವನ್ನು ಮುಚ್ಚಿದರು. ಕಡತ ಮುಚ್ಚುವ ರೀತಿಯಲ್ಲಿ ಮನುಷ್ಯ ಕೋಪಗೊಂಡಿದ್ದಾನೋ ಯೋಚಿಸುತ್ತಿದ್ದಾನೋ ಗೊತ್ತಾಗುವಂತಿರಲಿಲ್ಲ. "ನಾಳೆ ಬೆಳಿಗ್ಗೆ," ಎಂದರು.

ಬಂದರು. ಶೂ ಬಿಚ್ಚಿ, ಪ್ಯಾಂಟು ಮಡಿಚಿ, ಕೆಸುವಿನ ಪಾತಿಯಲ್ಲಿ ಶಾಂಭವಿ ಕೂತಂತೆಯೇ ಕುಕ್ಕುರುಗಾಲಿನಲ್ಲಿ ಕೂತರು. ಮುತ್ತಮ್ಮ ತೊಟ್ಟಿಯ ಸೋಪಿನ ನೀರನ್ನು ಒಂದು ಚೊಂಬಿನಲ್ಲೂ, ಬಾಳೆಯ ಬುಡದಲ್ಲಿ ತೋಡಿದ ಕುಣಿಯ ನೀರನ್ನು ಇನ್ನೊಂದು ಚೊಂಬಿನಲ್ಲೂ ತಂದು ಅವರ ಮುಂದಿಟ್ಟಳು. ಅವರು ಎರಡನ್ನೂ ಮೂಸಿದರು. "ಇದನ್ನ ನಾನು ಎಸ್ಟಿಮೇಟ್ ಹಾಕಿ ಕಟ್ಸಿದ್ರೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ," ಎಂದರು ಆಮೇಲೆ, ಯಾರಿಗೆಂದಿಲ್ಲದೆ. ನೋಟೀಸು ವಾಪಸ್ಸಾಯಿತು ಎಂಬ ಪತ್ರವನ್ನು ಅಲ್ಲೇ ಮೊಣಕಾಲಿನ ಮೇಲಿಟ್ಟು ಬರೆದು ಸಹಿ ಹಾಕಿದರು. ಚರಂಡಿಯ ಸರ್ವೆ ಮೊದಲು. ಕಾಲುದಾರಿ ಬಂದರೂ ಈ ಐದು ಕಲ್ಲುಗಳನ್ನು ಮುಟ್ಟದೆ, ಸುತ್ತು ಹಾಕಿಕೊಂಡು, ಮೇಲಿನಿಂದ ಬರತಕ್ಕದ್ದು. ನಾಳೆ ಬೇರೆ ಎಂಜಿನಿಯರ್ ಬಂದರೆ ಏನೋ, ಯಾರು ಬಲ್ಲರು. ಸಣ್ಣಸ್ವಾಮಿ ಪತ್ರವನ್ನು ಎರಡು ಕೈಯಲ್ಲಿ ಹಿಡಿದು ಮನೆಗೆ ಓಡಿದ.

ಶಾಂಭವಿ ಬಾಳೆಯ ಹತ್ತಿರವೇ ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ, ಹೋಗೆಂದೂ ಹೇಳಿರಲಿಲ್ಲ. ಹೋಗಿಬಿಡಬೇಕೆಂದು ಚೀಲ ಎತ್ತಿಕೊಂಡಳು, ಮತ್ತೆ ಇಳಿಸಿದಳು. ಹೆಂಗಸರು ಆಗಲೇ ಕಲ್ಲುಗಳ ಕಡೆ ತಿರುಗಿದ್ದರು. ಬೆಳಗಿನ ಅರ್ಧ ಹೊತ್ತು ಹೋಗಿತ್ತು, ಗಂಟುಗಳು ಬಿದ್ದಿದ್ದವು. ಮುತ್ತಮ್ಮ ತೊಡೆಮಟ್ಟ ನೀರಿನಲ್ಲಿ ದೊಡ್ಡ ಶೀಟೊಂದನ್ನು ಅಲುಬುತ್ತಿದ್ದಳು. ಹೊಳೆ ಅದನ್ನು ಎಳೆದು ಉದ್ದಕ್ಕೆ ಹರಡಿತ್ತು.

"ಸುಮ್ನೆ ನಿಂತ್ಕಂಡಿದ್ದೀಯಲ್ಲ," ಎಂದಳು ಮುತ್ತಮ್ಮ, ತಿರುಗದೆಯೇ. "ಕೆಂಚಿ ಉಬ್ಬೆ ಹತ್ರ ಅವ್ಳೆ. ಇಳಿ. ಆ ತುದಿ ಹಿಡ್ಕ."

ನೀರು ಅಂದುಕೊಂಡದ್ದಕ್ಕಿಂತ ತಣ್ಣಗಿತ್ತು, ಸೆಳೆತವೂ ಹೆಚ್ಚಿತ್ತು. ಒದ್ದೆ ಶೀಟಿನ ಭಾರಕ್ಕೆ ಅವಳು ಒಂದು ಹೆಜ್ಜೆ ಮುಂದಕ್ಕೆ ಹೋಗಿ ನಿಂತಳು. ಇಬ್ಬರೂ ಎದುರುಬದುರು. ಮುತ್ತಮ್ಮ ತನ್ನ ತುದಿಯನ್ನು ತಿರುಚತೊಡಗಿದಳು. ಶಾಂಭವಿ ಆಕೆಯ ಕೈಗಳನ್ನೇ ನೋಡುತ್ತ, ಕನ್ನಡಿಯಲ್ಲಿ ನೋಡಿ ಮಾಡುವವಳಂತೆ, ಆಕೆಯ ಕೈ ವಾಲಿದ ಕಡೆಗೇ ತನ್ನದನ್ನೂ ವಾಲಿಸಿ ತಿರುಚಿದಳು. ಶೀಟು ಉದ್ದಕ್ಕೂ ಸುಮ್ಮನೆ ಉರುಳಿತು. ಒಂದು ಹನಿ ಬೀಳಲಿಲ್ಲ. ಇನ್ನೂ ಜೋರಾಗಿ ತಿರುಚಿದಳು, ಇನ್ನೂ ಉರುಳಿತು. ದಂಡೆಯ ಮೇಲಿದ್ದವರು ನಗುವುದು ಕೇಳಿಸಿತು. ಮುತ್ತಮ್ಮನ ತುಟಿಯೂ ಒಂದಿಷ್ಟು ಅಲುಗಿತು.

"ನನ್ನ ಕೈ ನೋಡ್ಬ್ಯಾಡ ಕಣೆ," ಎಂದಳು. "ನನ್ನಂಗೆ ಮಾಡಕ್ಕೋದ್ರೆ ಬಟ್ಟೆ ಉಳ್ಳಾಡ್ತದೆ ಅಷ್ಟೇಯ. ನಿನ್ನ ಬಲಕ್ಕೆ ನೀ ತಿರುಗ್ಸು."

ಶಾಂಭವಿ ಕಣ್ಣನ್ನು ತನ್ನ ಕೈಗಳಿಗೆ ತಂದುಕೊಂಡು, ಕಾಲನ್ನು ಮರಳಿನಲ್ಲಿ ಊರಿ, ತನ್ನ ಬಲಕ್ಕೆ ತಿರುಗಿಸಿದಳು. ಶೀಟು ಬಿಗಿಯಿತು, ನಡುವಿನಲ್ಲಿ ಗಂಟಾಗಿ ಮೇಲೆದ್ದಿತು, ಒಮ್ಮೆ ಕಿರುಗುಟ್ಟಿತು. ಆಮೇಲೆ ನೀರು ಧಾರೆಯಾಗಿ ಇಳಿಯಿತು.